ಕಣ್ಣಿಗೆ ಕಾಣುವ ಬಗ್

1976ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ನಗರಸಭೆಯ ಸಮಿತಿಯೊಂದರ ಮುಂದೆ ಎರಡು ಪಿನ್‌ಬಾಲ್ ಯಂತ್ರಗಳನ್ನು ತಂದು ನಿಲ್ಲಿಸಿದ್ದರು. ಆಡಿ ತೋರಿಸಬೇಕಾಗಿದ್ದವರು ಒಬ್ಬರೇ, ರೋಜರ್ ಶಾರ್ಪ್ ಅನ್ನೋ ಪತ್ರಕರ್ತರು. ಹಾಗಿದ್ದ ಮೇಲೆ ಎರಡು ಯಾಕೆ? ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ಕ್ಲೈಂಟ್ ಡೆಮೊ ದಿನ ನಾವು ಪಕ್ಕದಲ್ಲಿ ಇನ್ನೊಂದು ಲ್ಯಾಪ್‌ಟಾಪ್ ಇಟ್ಕೊಂಡು ಕೂರ್ತೀವಲ್ಲ, ಥೇಟ್ ಹಾಗೇ.

ಆಗ ಆ ಊರಿನಲ್ಲಿ ಪಿನ್‌ಬಾಲ್‌ಗೆ ನಿಷೇಧ ಇತ್ತು. 1942ರಲ್ಲಿ ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ, ಇದು ಜೂಜು, ಮಕ್ಕಳ ಜೇಬಿನ ಕಾಸು ಕದಿಯುವ ದಂಧೆ ಅಂತ ಹೇಳಿ ಯಂತ್ರಗಳನ್ನು ಜಪ್ತಿ ಮಾಡಿಸಿದ್ದರು. ಕ್ಯಾಮೆರಾಗಳ ಮುಂದೆ ದೊಡ್ಡ ಸುತ್ತಿಗೆ ಹಿಡಿದು ಒಡೆದೂ ತೋರಿಸಿದ್ದರು. ಶಾರ್ಪ್ ಸಾಬೀತು ಮಾಡಬೇಕಿದ್ದದ್ದು ಇಷ್ಟೇ: ಈ ಆಟ ಅದೃಷ್ಟದ್ದಲ್ಲ, ಕೈಚಳಕದ್ದು. ಆದರೆ ಸದಸ್ಯರೊಬ್ಬರಿಗೆ ಅನುಮಾನ ಬಂತು. ಈ ಯಂತ್ರದಲ್ಲಿ ಏನೋ ಮಸಲತ್ತು ಮಾಡಿ ತಂದಿರಬಹುದು, ಆ ಇನ್ನೊಂದರಲ್ಲಿ ಆಡಿ ಅಂದರು. ಶಾರ್ಪ್ ಅದರಲ್ಲೇ ಆಡಿದರು. ಕೊನೆಗೆ, ಗುಂಡನ್ನು ಯಾವ ಓಣಿಯಿಂದ ಇಳಿಸ್ತೀನಿ ಅಂತ ಮೊದಲೇ ಹೇಳಿ ಪ್ಲಂಜರ್ ಎಳೆದು ಬಿಟ್ಟರು. ಗುಂಡು ಅಲ್ಲೇ ಇಳಿಯಿತು. ಅದೇ ವರ್ಷ ನಿಷೇಧವೂ ಹೋಯಿತು.

ಈ ಕತೆ ಹೇಳುವವರೆಲ್ಲ ಆ ಕೊನೆಯ ಹೊಡೆತದ ಬಗ್ಗೆ ಹೇಳ್ತಾರೆ. ನನಗೆ ಮಾತ್ರ ಆ ಎರಡನೇ ಯಂತ್ರದ ಮೇಲೇ ಕಣ್ಣು. ಪಿನ್‌ಬಾಲ್ ಕೆಡುತ್ತೆ ಅನ್ನೋದು ಅದನ್ನು ಹೊತ್ತು ತಂದವರಿಗೆ ಚೆನ್ನಾಗಿ ಗೊತ್ತಿತ್ತು. ಹೇಗೆ ಕೆಡುತ್ತಿತ್ತು, ಕೆಟ್ಟದ್ದನ್ನು ಹೇಗೆ ಹುಡುಕುತ್ತಿದ್ದರು ಅನ್ನೋದರಲ್ಲೇ ಈ ಆಟದ ಅಸಲಿ ಚರಿತ್ರೆ ಇದೆ ಅಂತ ನನ್ನ ಲೆಕ್ಕ.

ವಿಂಡೋಸ್ ಎಕ್ಸ್‌ಪಿ ಕಾಲದ ಕಂಪ್ಯೂಟರ್ ಲ್ಯಾಬಿನಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ‘ಸ್ಪೇಸ್ ಕೆಡೆಟ್’ ಆಡಿದವರಿಗೆ ಪಿನ್‌ಬಾಲ್ ಅಂದರೇನು ಅಂತ ವಿವರಿಸಬೇಕಾಗಿಲ್ಲ. ಆಡದವರಿಗೆ: ಗಾಜು ಮುಚ್ಚಿದ, ಆಡುವವನ ಕಡೆಗೆ ಓರೆಯಾದ ಮೇಜು. ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಚಿಮ್ಮಿ, ಅದಕ್ಕೆ ಇದಕ್ಕೆ ಬಡಿದು ಅಂಕ ಗಳಿಸುತ್ತಾ ಕೆಳಗೆ ಉರುಳುತ್ತೆ. ಕೆಳಗಿನ ಗುಂಡಿಗೆ ಬೀಳದ ಹಾಗೆ ಎರಡು ಪುಟ್ಟ ರೆಕ್ಕೆಗಳಿಂದ ಅದನ್ನು ವಾಪಸ್ ಹೊಡೆಯಬೇಕು. ಆ ರೆಕ್ಕೆಗಳಿಗೆ ಫ್ಲಿಪ್ಪರ್ ಅಂತಾರೆ.

ಮೊದಲು ಇದರಲ್ಲಿ ಕರೆಂಟೂ ಇರಲಿಲ್ಲ, ಫ್ಲಿಪ್ಪರೂ ಇರಲಿಲ್ಲ. ಸ್ಪ್ರಿಂಗ್ ಪ್ಲಂಜರ್‌ಗೆ ಮಾಂಟೇಗ್ಯೂ ರೆಡ್‌ಗ್ರೇವ್ ಪೇಟೆಂಟ್ ತಗೊಂಡಿದ್ದು 1871ರಲ್ಲಿ. ಡೇವಿಡ್ ಗಾಟ್ಲೀಬ್‌ನ ‘ಬ್ಯಾಫಲ್ ಬಾಲ್’ 1931ರಲ್ಲಿ, ಅಮೆರಿಕದಲ್ಲಿ ಕೆಲಸ ಇಲ್ಲದ ಜನ ತುಂಬಿದ್ದ ಕಾಲದಲ್ಲಿ, ಅಂಗಡಿ ಕೌಂಟರುಗಳ ಮೇಲೆ ಕೂತು ಭರ್ಜರಿ ವ್ಯಾಪಾರ ಮಾಡಿತು. ಮೊಳೆ, ಸ್ಪ್ರಿಂಗ್, ಗುಂಡು, ಮರದ ಪೆಟ್ಟಿಗೆ, ಅಷ್ಟೇ. ಕೆಟ್ಟರೆ ಯಾವ ಬಡಗಿಯಾದರೂ ಸರಿಮಾಡಬಹುದಿತ್ತು.

ಕರೆಂಟ್ ತಂದವರು ಹ್ಯಾರಿ ವಿಲಿಯಮ್ಸ್. 1933ರ ‘ಕಾಂಟ್ಯಾಕ್ಟ್’ ಯಂತ್ರದಲ್ಲಿ ಗುಂಡು ಒಂದು ತೂತಿಗೆ ಬಿದ್ದರೆ ಸೊಲೆನಾಯ್ಡ್ ಅದನ್ನು ಒದ್ದು ಮತ್ತೆ ಆಟಕ್ಕೆ ಬಿಡುತ್ತಿತ್ತು. ಸೊಲೆನಾಯ್ಡ್ ಅಂದರೆ ತಂತಿಯ ಸುರುಳಿ, ಅದರೊಳಗೆ ಕಬ್ಬಿಣದ ಸರಳು. ಕರೆಂಟ್ ಹರಿದರೆ ಸರಳನ್ನು ಎಳೆದುಕೊಳ್ಳುತ್ತೆ. ಅದಕ್ಕೆ ಕರೆಂಟ್ ಕೊಡುತ್ತಿದ್ದದ್ದು ಡ್ರೈ ಸೆಲ್ ಬ್ಯಾಟರಿ. ಈ ಬ್ಯಾಟರಿಯನ್ನು ನೆನಪಿಟ್ಟುಕೊಳ್ಳಿ, 40 ವರ್ಷ ಆದ ಮೇಲೆ ಖಳನಾಯಕನಾಗಿ ವಾಪಸ್ ಬರುತ್ತೆ.

ಟಿಲ್ಟ್ ಕೂಡ ವಿಲಿಯಮ್ಸ್ ಅವರದ್ದೇ ಕೊಡುಗೆ. ಆಡುವವರು ಮೇಜಿನ ತಳಕ್ಕೆ ಗುದ್ದಿ ಗುಂಡನ್ನು ಬೇಕಾದ ಕಡೆ ಹಾಯಿಸುತ್ತಿದ್ದರಂತೆ. ಇವರು ಮೊದಲು ತಳಕ್ಕೆ ಮೊಳೆ ಹೊಡೆಸಿದರು, ಆಮೇಲೆ ಇದು ತೀರಾ ಕ್ರೂರ ಅನ್ನಿಸಿ ಬೇರೆ ಉಪಾಯ ಹುಡುಕಿದರು ಅನ್ನೋದು ಪ್ರಚಲಿತ ಕತೆ. ಮುಂದೆ ಎಲ್ಲ ಯಂತ್ರಗಳಲ್ಲೂ ಉಳಿದುಕೊಂಡ ಉಪಾಯ ಇದು: ಗೋಡೆ ನೆಟ್ಟಗಿದೆಯಾ ನೋಡೋಕೆ ಗಾರೆ ಕೆಲಸದವರು ದಾರಕ್ಕೆ ಕಟ್ಟಿ ಇಳಿಬಿಡ್ತಾರಲ್ಲ, ಅಂಥದ್ದೊಂದು ಗುಂಡು ಸರಳಿನ ತುದಿಯಲ್ಲಿ ನೇತಾಡುತ್ತೆ. ಸುತ್ತ ಲೋಹದ ಬಳೆ. ಮೇಜನ್ನು ಅಲ್ಲಾಡಿಸಿದರೆ ಗುಂಡು ಬಳೆಗೆ ತಾಗುತ್ತೆ, ಸರ್ಕ್ಯೂಟ್ ಪೂರ್ತಿಯಾಗುತ್ತೆ, ಆಟ ಮುಗೀತು.

ಹಳೇ ಯಂತ್ರ ರಿಪೇರಿ ಮಾಡುವವರು ಇದನ್ನೇ ಮೊದಲು ನೋಡೋದು. ಲೈಟೆಲ್ಲ ಉರೀತಿದೆ, ಆದರೆ ಫ್ಲಿಪ್ಪರ್ ಏಳಲ್ಲ, ಅಂಕ ಬರಲ್ಲ. ಏನೋ ದೊಡ್ಡದೇ ಸುಟ್ಟಿದೆ ಅಂತ ಮಾಲೀಕ ತಲೆ ಮೇಲೆ ಕೈ ಹೊತ್ತು ಕೂತಿರ್ತಾನೆ. ನೋಡಿದರೆ ಮೇಜಿನ ಒಂದು ಕಾಲು ತಗ್ಗಾಗಿ, ಆ ತೂಗುವ ಗುಂಡು ಬಳೆಗೆ ಒರಗಿಕೊಂಡು ಬಿಟ್ಟಿರುತ್ತೆ. ಯಂತ್ರದ ಪಾಲಿಗೆ ಯಾರೋ ಹಗಲೂ ರಾತ್ರಿ ಅದನ್ನು ಅಲ್ಲಾಡಿಸ್ತಾನೇ ಇದ್ದಾರೆ. ಸೆಕ್ಯುರಿಟಿ ರೂಲ್ ಒಂದು ತಪ್ಪಾಗಿ ಕೂತು ಇಡೀ ಸರ್ವಿಸ್ ನಿಂತ ಹಾಗೆ.

ಫ್ಲಿಪ್ಪರ್ ಬಂದಿದ್ದು 1947ರಲ್ಲಿ, ಗಾಟ್ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ಯಲ್ಲಿ, ಹ್ಯಾರಿ ಮ್ಯಾಬ್ಸ್ ಅವರ ವಿನ್ಯಾಸ. ವರ್ಷ ಗಮನಿಸಿ. ನ್ಯೂಯಾರ್ಕ್ ನಿಷೇಧ 1942ರದ್ದು. ಅಂದರೆ ಮೇಯರ್ ಸುತ್ತಿಗೆ ಹಿಡಿದಿದ್ದು ಫ್ಲಿಪ್ಪರ್ ಇಲ್ಲದ ಯಂತ್ರಗಳ ಮೇಲೆ. ಆ ಯಂತ್ರಗಳಲ್ಲಿ ಗುಂಡು ಬಿಟ್ಟ ಮೇಲೆ ಆಡುವವನ ಕೈಯಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ, ಲಾ ಗಾರ್ಡಿಯಾ ವಾದದಲ್ಲಿ ಹುರುಳಿತ್ತು ಅನ್ನಲೇಬೇಕು. ಐದೇ ವರ್ಷಕ್ಕೆ ಒಂದು ಸುರುಳಿ ತಂತಿ ಆಟದ ಸ್ವಭಾವವನ್ನೇ ಬದಲಿಸಿತು. ಕಾನೂನಿಗೆ ಅದು ಗೊತ್ತಾಗೋಕೆ 1976 ಬರಬೇಕಾಯಿತು.

ಆ ಫ್ಲಿಪ್ಪರ್ ಸುರುಳಿಯಲ್ಲೂ ಒಂದು ಜಾಣತನ ಇದೆ. ಗುಂಡನ್ನು ಮೇಜಿನ ತುದಿವರೆಗೆ ಹೊಡೆಯೋಕೆ ಜಾಸ್ತಿ ಕರೆಂಟ್ ಬೇಕು. ಆದರೆ ಆಡುವವನು ಬಟನ್ ಒತ್ತಿ ಹಿಡಿದುಕೊಂಡೇ ನಿಂತರೆ ಅಷ್ಟು ಕರೆಂಟಿಗೆ ಸುರುಳಿ ಸುಟ್ಟು ಹೋಗುತ್ತೆ. ಅದಕ್ಕೆ ಒಂದೇ ಸುರುಳಿಯಲ್ಲಿ ಎರಡು ಸುತ್ತು: ದಪ್ಪ ತಂತಿಯದ್ದು ಹೊಡೆಯೋಕೆ, ತೆಳು ತಂತಿಯದ್ದು ಹಿಡಿದಿಡೋಕೆ. ರೆಕ್ಕೆ ಪೂರ್ತಿ ಮೇಲೆದ್ದ ಕ್ಷಣ ಒಂದು ಸಣ್ಣ ಸ್ವಿಚ್ ಬಿಚ್ಚಿಕೊಂಡು ತೆಳು ತಂತಿಯನ್ನೂ ದಾರಿಗೆ ಸೇರಿಸುತ್ತೆ, ಕರೆಂಟ್ ಇಳಿಯುತ್ತೆ. ಈ ಸ್ವಿಚ್ ಬಿಚ್ಚಿಕೊಳ್ಳದಿದ್ದರೆ ಫ್ಯೂಸ್ ಹೋಗುತ್ತೆ, ಇಲ್ಲಾ ಹೊಗೆ ಬರುತ್ತೆ. ಬಿಚ್ಚಿಕೊಂಡಿದ್ದು ಮತ್ತೆ ಸರಿಯಾಗಿ ಕೂಡದಿದ್ದರೆ ಫ್ಲಿಪ್ಪರ್ ಜ್ವರ ಬಂದವನ ಕೈ ಥರ ಮೆಲ್ಲಗೆ ಏಳುತ್ತೆ. ಸುರುಳಿ ವೀಕಾಗಿದೆ ಅಂತ ಹೊಸ ಸುರುಳಿ ತಂದು ಹಾಕಿ ದುಡ್ಡು ದಂಡ ಮಾಡಿಕೊಳ್ಳುವವರು ಇವತ್ತಿಗೂ ಇದ್ದಾರೆ.

ಐವತ್ತರಿಂದ ಎಪ್ಪತ್ತರ ದಶಕದ ನಡುವೆ ಷಿಕಾಗೋದಲ್ಲಿ ತಯಾರಾದ ಯಂತ್ರಗಳನ್ನು (ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್, ಎಲ್ಲರದ್ದೂ ಅಲ್ಲೇ) ಎಲೆಕ್ಟ್ರೊಮೆಕ್ಯಾನಿಕಲ್ ಅಂತ ಕರೀತಾರೆ. ಚಿಪ್ ಇಲ್ಲ, ಟ್ರಾನ್ಸಿಸ್ಟರ್ ಇಲ್ಲ. ಗೋಡೆ ಪ್ಲಗ್ಗಿನ 120 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಇಳಿಸಿ, ಸುರುಳಿಗಳಿಗೆ 24ರಿಂದ 30 ವೋಲ್ಟಿನ ಆಸುಪಾಸು, ಬಲ್ಬುಗಳಿಗೆ 6 ವೋಲ್ಟ್ ಕೊಡುತ್ತೆ. ಮಿಕ್ಕಿದ್ದೆಲ್ಲ ರಿಲೇ ಮತ್ತು ನೂರಾರು ಸ್ವಿಚ್. ಎಷ್ಟನೇ ಗುಂಡು, ಯಾರ ಸರದಿ, ಎಷ್ಟು ಅಂಕ, ಬೋನಸ್ ಇದೆಯಾ, ಎಲ್ಲವೂ ಯಾವ ಸ್ವಿಚ್ ಮುಚ್ಚಿದೆ, ಯಾವುದು ತೆರೆದಿದೆ ಅನ್ನೋದರಲ್ಲೇ ಇರುತ್ತೆ.

ರಿಲೇ ಅಂದರೆ ಹೆದರಬೇಡಿ. ಹಳ್ಳಿಯಿಂದ ಬಂದ ಯಾರಿಗಾದರೂ ಪಂಪ್‌ಸೆಟ್ ಸ್ಟಾರ್ಟರ್ ಗೊತ್ತಿರುತ್ತೆ. ಹಸಿರು ಬಟನ್ ಒತ್ತಿದರೆ ಡಬ್ಬಿಯೊಳಗೆ ‘ಠಕ್’ ಅಂತ ಏನೋ ಹಿಡ್ಕೊಳ್ಳುತ್ತೆ. ಬೆರಳು ತೆಗೆದರೂ ಬಿಡಲ್ಲ. ಯಾಕೆ? ಕಾಯಿಲ್ ಒಂದು ಸಲ ಎಳೆದುಕೊಂಡ ಕೂಡಲೇ ಅದರ ಜೊತೆಗೇ ಇನ್ನೊಂದು ಕಾಂಟ್ಯಾಕ್ಟ್ ಮುಚ್ಚಿಕೊಂಡು, ಆ ದಾರಿಯಲ್ಲಿ ಕಾಯಿಲ್ ತನಗೆ ತಾನೇ ಕರೆಂಟ್ ಕೊಟ್ಟುಕೊಳ್ಳುತ್ತೆ. ಕೆಂಪು ಬಟನ್ ಒತ್ತಿದರೆ, ಇಲ್ಲವೇ ಕರೆಂಟ್ ಹೋದರೆ ಬಿಡುತ್ತೆ. ಅದಕ್ಕೇ ರಾತ್ರಿ ತ್ರೀ ಫೇಸ್ ಹೋಗಿ ಬಂದರೆ ಯಾರಾದರೂ ತೋಟಕ್ಕೆ ಹೋಗಿ ಮತ್ತೆ ಒತ್ತಬೇಕಿತ್ತು, ‘ಆಟೋ’ ಹಾಕಿಸಿಕೊಳ್ಳುವ ತನಕ. ಬಿ.ಇ.ಯಲ್ಲಿ ಇದನ್ನೇ ಒಂದು ಬಿಟ್ ಮೆಮೊರಿ, ಲ್ಯಾಚ್ ಅಂತ ನಾಲ್ಕು ಪುಟ ಬರೆಸಿದರು. ಸ್ಟಾರ್ಟರ್ ಮುಚ್ಚಳ ತೆಗೆದು ತೋರಿಸಿದ್ದರೆ ಎರಡು ನಿಮಿಷದ ಕೆಲಸ. ಪಿನ್‌ಬಾಲ್ ಪೆಟ್ಟಿಗೆಯೊಳಗೆ ಇಂಥ ಸ್ಟಾರ್ಟರುಗಳು ಸಾಲಾಗಿ ಕೂತಿರುತ್ತವೆ, ಸೈಜು ಮಾತ್ರ ಚಿಕ್ಕದು.

ಈ ಎಲ್ಲದಕ್ಕೂ ತಾಳ ಹಾಕೋದು ಸ್ಕೋರ್ ಮೋಟಾರ್. ನಿಧಾನ ತಿರುಗುವ ಒಂದು ಮೋಟಾರು, ಅದರ ದಂಡಕ್ಕೆ ಉಬ್ಬುತಗ್ಗಿನ ತಟ್ಟೆಗಳು, ತಟ್ಟೆಗಳ ಅಂಚಿಗೆ ಒರಗಿದ ಸ್ವಿಚ್ಚುಗಳು. ಗುಂಡು 50 ಅಂಕದ ಗುರಿಗೆ ಬಡಿದರೆ ಒಂದು ರಿಲೇ ಹಿಡಿದುಕೊಳ್ಳುತ್ತೆ, ಮೋಟಾರ್ ತಿರುಗುತ್ತೆ, ಹತ್ತರ ಸ್ಥಾನದ ಅಂಕಿಚಕ್ರಕ್ಕೆ ಐದು ಸಲ ತಟ್ಟುತ್ತೆ, ರಿಲೇಯನ್ನು ಬಿಡಿಸುತ್ತೆ. ಫಾರ್ ಲೂಪ್! ಒಂದೊಂದು ಸುತ್ತಿಗೂ ‘ಟಕ್’ ಅಂತ ಕೇಳಿಸುವ, ಕಣ್ಣಿಗೆ ಕಾಣುವ ಫಾರ್ ಲೂಪ್.

ಇಂಥ ಯಂತ್ರವನ್ನು ಬಿಚ್ಚಿಟ್ಟು ನಾನು ನೋಡಿದ್ದು ಆನ್‌ಸೈಟ್‌ಗೆ ಹೋಗಿದ್ದಾಗ, ಷಿಕಾಗೋ ಹೊರವಲಯದ ಹಿರಿಯ ಸಹೋದ್ಯೋಗಿಯೊಬ್ಬರ ಗ್ಯಾರೇಜಿನಲ್ಲಿ. ಅರವತ್ತರ ದಶಕದ ಗಾಟ್ಲೀಬ್ ಯಂತ್ರ. ಸ್ಟಾರ್ಟ್ ಒತ್ತಿದರೆ ಮೋಟಾರ್ ತಿರುಗೋಕೆ ಶುರು, ನಿಲ್ಲೋದೇ ಇಲ್ಲ. ಗರ್‍ರ್ ಅಂತ ತಿರುಗ್ತಾನೇ ಇದೆ. ಗುಂಡೂ ಬರಲ್ಲ, ಆಟವೂ ಶುರುವಾಗಲ್ಲ. ಆಫ್ ಮಾಡಿ ಆನ್ ಮಾಡೋಣವಾ ಅಂತ ನಾನು ಕೇಳಿದೆ, ಕಸುಬಿನ ಅಭ್ಯಾಸ. ಅವರು ನಕ್ಕು, “ಅದು ಹಾಳಾಗಿಲ್ಲ. ಕಾಯ್ತಾ ಇದೆ. ಯಾವುದಕ್ಕೆ ಅಂತ ಹುಡುಕಬೇಕು” ಅಂದರು.

ವಿಷಯ ಏನಪ್ಪಾ ಅಂದರೆ, ಹೊಸ ಆಟ ಶುರುವಾಗುವ ಮುಂಚೆ ಹಿಂದಿನ ಆಟದ ಅಂಕಗಳೆಲ್ಲ ಸೊನ್ನೆಗೆ ಬರಬೇಕು. ಮೋಟಾರ್ ಪ್ರತಿ ಅಂಕಿಚಕ್ರವನ್ನೂ ತಟ್ಟುತ್ತಾ ಹೋಗುತ್ತೆ. ಚಕ್ರ ಸೊನ್ನೆಗೆ ಬಂದ ಕೂಡಲೇ ಅದರ ಹಿಂದಿರುವ ಸ್ವಿಚ್ಚುಗಳು ಬದಲಾಗುತ್ತವೆ. ಒಂದು ಆ ಚಕ್ರಕ್ಕೆ ತಟ್ಟುವುದನ್ನು ನಿಲ್ಲಿಸುತ್ತೆ, ಇನ್ನೊಂದು ‘ನಾನು ಬಂದೆ’ ಅಂತ ರಿಸೆಟ್ ರಿಲೇಗೆ ವರದಿ ಒಪ್ಪಿಸುತ್ತೆ. ಎಲ್ಲ ಚಕ್ರಗಳ ವರದಿ ಬರುವ ತನಕ ರಿಲೇ ಬಿಡಲ್ಲ, ಮೋಟಾರ್ ನಿಲ್ಲಲ್ಲ. ಮುಂದಿನಿಂದ ನೋಡಿದರೆ ಎಲ್ಲ ಚಕ್ರಗಳೂ ಸೊನ್ನೆ ತೋರಿಸ್ತಾ ಇವೆ. ಆದರೆ ಯಾವುದೋ ಒಂದು ಸುಳ್ಳು ಹೇಳ್ತಿದೆ.

ಅವರು ಮೀಟರ್ ತೆಗೆಯಲಿಲ್ಲ. ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟಿದ್ದ ಸರ್ಕ್ಯೂಟ್ ನಕ್ಷೆಯನ್ನು ಬಿಚ್ಚಿ ನೆಲದ ಮೇಲೆ ಹಾಸಿದರು, ನಮ್ಮ ಕಡೆ ಸರ್ವೆ ನಕ್ಷೆ ಹಾಸೋ ಹಾಗೆ. ಅಂಥ ನಕ್ಷೆಯನ್ನು ಯಂತ್ರದ ಯಾವ ಸ್ಥಿತಿಯಲ್ಲಿ ಬರೆದಿದ್ದಾರೆ ಅಂತ ಮೊದಲು ನೋಡಿಕೊಳ್ಳಬೇಕು. ಅದನ್ನು ಓದದೆ ಕೈ ಹಾಕಿದರೆ ತೆರೆದಿರಬೇಕಾದ ಸ್ವಿಚ್ಚನ್ನೆಲ್ಲ ಮುಚ್ಚಿ ಕೂರ್ತೀವಿ. ರಿಸೆಟ್ ರಿಲೇಗೆ ಕರೆಂಟ್ ಬರುವ ದಾರಿಗಳ ಮೇಲೆ ಬೆರಳು ಓಡಿಸಿದರು. ಆಮೇಲೆ ಒಂದು ಕಾಗದದ ಚೂರು ತಗೊಂಡು, ಮೋಟಾರ್ ತಿರುಗ್ತಾ ಇರುವಾಗಲೇ ಒಂದೊಂದು ಚಕ್ರದ ಸ್ವಿಚ್ಚಿನ ಎರಡು ಎಸಳುಗಳ ನಡುವೆ ತೂರಿಸುತ್ತಾ ಹೋದರು. ಕಾಗದದಲ್ಲಿ ಕರೆಂಟ್ ಹರಿಯಲ್ಲ, ಅಂದರೆ ಆ ಸ್ವಿಚ್ ತೆರೆದ ಹಾಗೇ ಲೆಕ್ಕ. ಮೊದಲನೇದು, ಏನೂ ಆಗಲಿಲ್ಲ. ಎರಡನೇದು, ಇಲ್ಲ. ಮೂರನೇದಕ್ಕೆ ಕಾಗದ ಹೋದ ಕೂಡಲೇ ‘ಠಕ್’. ರಿಲೇ ಬಿಟ್ಟಿತು, ಮೋಟಾರ್ ನಿಂತಿತು, ಗುಂಡು ಉರುಳಿ ಬಂತು.

ನೋಡಿದರೆ ಎಸಳೊಂದು ಕೂದಲೆಳೆಯಷ್ಟು ಬಾಗಿತ್ತು. ತೆರೆಯಬೇಕಾದಾಗ ತೆರೆಯುತ್ತಿರಲಿಲ್ಲ. ಇಕ್ಕಳದಂಥ ಸಣ್ಣ ಉಪಕರಣದಿಂದ ನೆಟ್ಟಗೆ ಮಾಡಿದರು, ಮುಗೀತು. ಐವತ್ತು ವರ್ಷಕ್ಕೂ ಹಳೆಯ ಇನ್ಫೈನೈಟ್ ಲೂಪ್ ಒಂದು, ಕಾಗದದ ಚೂರಿಗೆ ಸಿಕ್ಕಿಬಿತ್ತು. ನಾನಂತೂ ವಾಪಸ್ ಹೋಟೆಲಿಗೆ ಹೋಗುವಾಗ ದಾರಿ ತುಂಬ ಅದನ್ನೇ ಯೋಚಿಸ್ತಿದ್ದೆ. ನಮ್ಮ ಪ್ರೊಡಕ್ಷನ್‌ನಲ್ಲಿ ಸರ್ವಿಸ್ ನೇತುಬಿದ್ದಾಗ ಅದು ಯಾವುದಕ್ಕೆ ಕಾಯ್ತಿದೆ ಅಂತ ಕೇಳೋರು ಎಷ್ಟು ಜನ? ರೀಸ್ಟಾರ್ಟ್ ಮಾಡಿ ಟಿಕೆಟ್ ಕ್ಲೋಸ್ ಮಾಡೋದೇ ಜಾಸ್ತಿ.

1977ರ ಹೊತ್ತಿಗೆ ಬ್ಯಾಲಿ, ವಿಲಿಯಮ್ಸ್, ಗಾಟ್ಲೀಬ್ ಮೂವರೂ ಮೈಕ್ರೊಪ್ರೊಸೆಸರ್ ಕಡೆ ಹೊರಳಿದರು. ಬ್ಯಾಲಿಯ ‘ಈವಲ್ ಕ್ನೀವಲ್’ ಆ ವರ್ಷ ಎರಡೂ ರೂಪದಲ್ಲಿ ಬಂತು, ರಿಲೇಯದ್ದು ಒಂದು, ಚಿಪ್ಪಿನದ್ದು ಒಂದು. ರಿಲೇಗಳ ಸಾಲು, ಮೋಟಾರು, ಅಂಕಿಚಕ್ರ ಎಲ್ಲ ಮಾಯವಾಗಿ ಕೆಲವೇ ಬೋರ್ಡ್ ಉಳಿದವು. ಕೆಡುವುದು ಕಡಿಮೆಯಾಯಿತು, ನಿಜ. ಆದರೆ ಕೆಟ್ಟರೆ ಬಾಗಿಲು ತೆಗೆದು ನೋಡೋಕೆ ಏನೂ ಸಿಗುತ್ತಿರಲಿಲ್ಲ. ಬ್ಯಾಲಿಯವರು ಇದಕ್ಕೆ ಒಂದು ಒಳ್ಳೇ ಪರಿಹಾರ ಇಟ್ಟಿದ್ದರು. ಬೋರ್ಡಿನ ಮೇಲೆ ಒಂದು ಪುಟ್ಟ ಎಲ್‌ಇಡಿ. ಆನ್ ಮಾಡಿದಾಗ ಅದು ಏಳು ಸಲ ಮಿನುಗಬೇಕು. ಒಂದೊಂದು ಮಿನುಗೂ ಒಂದೊಂದು ಪರೀಕ್ಷೆ ಪಾಸಾದ ಗುರುತು: ಪ್ರೋಗ್ರಾಂ ಇರುವ ರೋಮ್, ಆಮೇಲೆ ಮೆಮೊರಿ, ಆಮೇಲೆ ಹೊರಗಿನ ಜೊತೆ ಮಾತಾಡುವ ಚಿಪ್‌ಗಳು, ಹೀಗೆ. ಆರಕ್ಕೇ ನಿಂತರೆ ಬೋರ್ಡನ್ನು ಬೈಯುವ ಮುಂಚೆ ಸುರುಳಿಗಳಿಗೆ ಹೋಗುವ ವೋಲ್ಟೇಜ್ ಬರ್ತಿದೆಯಾ, ಅದರ ಫ್ಯೂಸ್ ಹೋಗಿದೆಯಾ ನೋಡಬೇಕು. ಒಂದೇ ಬಲ್ಬಿನಲ್ಲಿ ಇಷ್ಟು ಹೇಳೋ ಎರರ್ ಮೆಸೇಜ್ ನಾನಂತೂ ಬೇರೆಲ್ಲೂ ನೋಡಿಲ್ಲ.

ಹಳೇ ಕೈಗಳಿಗೆ ಹೊಸ ಯಂತ್ರ ಒಗ್ಗಲಿಲ್ಲ. ರಿಲೇ ಕಾಲದ ಸ್ವಿಚ್ಚುಗಳ ತುದಿ ಗಟ್ಟಿ, ಕಿಡಿ ಹಾರಿ ಕಪ್ಪಾದರೆ ಅರದಿಂದ ಉಜ್ಜಬಹುದು. ಚಿಪ್ ಯಂತ್ರದ ಸ್ವಿಚ್ಚಿನಲ್ಲಿ ಹರಿಯುವ ಕರೆಂಟ್ ತೀರಾ ಕಡಿಮೆ, ಅದಕ್ಕೆ ತುದಿಗೆ ಚಿನ್ನದ ತೆಳು ಲೇಪ ಕೊಟ್ಟಿರ್ತಾರೆ. ಅರ ಹಾಕಿದರೆ ಲೇಪ ಹೋಯಿತು, ಸ್ವಿಚ್ಚೂ ಹೋಯಿತು. ಅದನ್ನು ಸ್ವಚ್ಛ ಮಾಡೋಕೆ ವಿಸಿಟಿಂಗ್ ಕಾರ್ಡ್ ಸಾಕು, ನಡುವೆ ಇಟ್ಟು ಎಳೆದರೆ ಆಯಿತು. ವಿಸಿಟಿಂಗ್ ಕಾರ್ಡಿಗೆ ಇರುವ ಕೆಲವೇ ನಿಜವಾದ ಉಪಯೋಗಗಳಲ್ಲಿ ಇದೊಂದು.

ಇನ್ನೊಂದು ಹೊಸ ಬಗೆಯ ದೋಷ ಭೂತದ್ದು. ಸ್ವಿಚ್ಚುಗಳನ್ನು ಈಗ ಅಡ್ಡಸಾಲು, ಉದ್ದಸಾಲಿನ ಚೌಕಳಿಯಲ್ಲಿ ಜೋಡಿಸಿದರು, ನಮ್ಮ ಕೀಬೋರ್ಡಿನ ಹಾಗೇ. ಪ್ರತಿ ಸ್ವಿಚ್ಚಿಗೂ ಒಂದು ಡಯೋಡ್, ಕರೆಂಟ್ ಒಂದೇ ದಿಕ್ಕಿಗೆ ಹೋಗಲಿ ಅಂತ. ಆ ಡಯೋಡ್ ಶಾರ್ಟ್ ಆದರೆ, ಚೌಕದ ಮೂರು ಮೂಲೆಯ ಸ್ವಿಚ್ ಮುಚ್ಚಿದಾಗ ಯಾರೂ ಮುಟ್ಟದ ನಾಲ್ಕನೆಯದೂ ಮುಚ್ಚಿದ ಹಾಗೆ ಕಾಣಬಹುದು. ಗುಂಡು ಎಡಗಡೆ ಇದ್ದರೆ ಬಲಗಡೆಯ ಅಂಕ ಏರುತ್ತೆ. ಬಲಗಡೆಯ ಸ್ವಿಚ್ಚನ್ನು ಹತ್ತು ಸಲ ಬದಲಾಯಿಸಿದರೂ ಹೋಗಲ್ಲ, ಯಾಕಂದರೆ ಅಲ್ಲಿ ಏನೂ ಕೆಟ್ಟಿಲ್ಲ.

ಈಗ ಆ ಬ್ಯಾಟರಿ. ಆಫ್ ಮಾಡಿದಾಗಲೂ ದಾಖಲೆ ಅಂಕಗಳು ನೆನಪಿರಲಿ ಅಂತ ಬ್ಯಾಲಿ ಬೋರ್ಡಿನ ಮೇಲೆ ಒಂದು ಸಣ್ಣ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಕೂರಿಸಿದ್ದರು. ವರ್ಷಗಳ ನಂತರ ಅದು ಸೋರುತ್ತೆ. ಸೋರಿದ ಕ್ಷಾರ ತಾಮ್ರದ ಗೆರೆಗಳನ್ನು, ಚಿಪ್ಪಿನ ಕಾಲುಗಳನ್ನು ತಿನ್ನುತ್ತಾ ಹೋಗುತ್ತೆ. ವಿನೆಗರ್ ಹಚ್ಚಿ, ತೊಳೆದು, ಒಣಗಿಸಿ, ತಿಂದುಹೋದ ಗೆರೆಗಳ ಜಾಗಕ್ಕೆ ತಂತಿ ಬೆಸೆದು ಕೆಲವನ್ನು ಉಳಿಸಿಕೊಳ್ಳಬಹುದು. ಮಿಕ್ಕವು ಕಸದ ಬುಟ್ಟಿಗೆ. 1955ರ ಯಂತ್ರ ಅರ ಮತ್ತು ತಾಳ್ಮೆ ಇದ್ದರೆ ಇವತ್ತೂ ಎದ್ದು ಆಡುತ್ತೆ, 1979ರದ್ದು ಯಾವಾಗಲೋ ಯಾರೋ ಹೊಡೆದ ಹೈ ಸ್ಕೋರ್ ನೆನಪಿಟ್ಟುಕೊಳ್ಳೋಕೆ ಹೋಗಿ ತನ್ನ ಮಿದುಳನ್ನೇ ಕರಗಿಸಿಕೊಂಡಿರುತ್ತೆ. ಈಗ ಬ್ಯಾಟರಿಯೇ ಬೇಡದ ಮೆಮೊರಿ ಚಿಪ್ ಸಿಗುತ್ತೆ. ಹಳೇ ಯಂತ್ರ ಕೊಂಡವರು ಪ್ಲಗ್ ಹಾಕುವ ಮೊದಲು ಮಾಡುವ ಕೆಲಸ ಅಂದರೆ ಬೋರ್ಡಿನ ಮೂಲೆಯ ಆ ಬ್ಯಾಟರಿಯನ್ನು ಕತ್ತರಿಸಿ ತೆಗೆಯೋದು.

ಕೊನೆಗೆ ಯಂತ್ರವೇ ಹೋಗಿ ಬರೀ ಪ್ರೋಗ್ರಾಂ ಉಳಿಯಿತು, ಅದೇ ನಮ್ಮ ಸ್ಪೇಸ್ ಕೆಡೆಟ್. ವಿಂಡೋಸ್ ವಿಸ್ತಾದಲ್ಲಿ ಅದು ಯಾಕೆ ಕಾಣೆಯಾಯಿತು ಅಂತ ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ ಬರೆದಿದ್ದಾರೆ. 64 ಬಿಟ್‌ಗೆ ಬದಲಾಯಿಸಿದಾಗ ಗುಂಡು ಪ್ಲಂಜರ್ ಮೇಲೆ ನಿಲ್ಲದೆ, ಅದರೊಳಗಿಂದಲೇ ಮೆಲ್ಲಗೆ ಜಾರಿ ಮೇಜಿನ ಕೆಳಗೆ ಬಿದ್ದು ಹೋಗುತ್ತಿತ್ತಂತೆ. ಕೋಡ್ ಬರೆದಿದ್ದು ಹೊರಗಿನ ಕಂಪನಿ, ಹೆಚ್ಚಿನ ಭಾಗಕ್ಕೆ ಒಂದು ಸಾಲು ಕಮೆಂಟೂ ಇಲ್ಲ, ಒಳಗಿನ ಯಾರಿಗೂ ಅದು ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದಿರಲಿಲ್ಲ. ಕಾರಣ ಸಿಗಲಿಲ್ಲ, ಆಟವನ್ನೇ ಕೈಬಿಟ್ಟರು. ಕಾಗದದ ಚೂರು ತೂರಿಸೋಕೆ ಅಲ್ಲಿ ಸಂದು ಎಲ್ಲಿದೆ?

ಆದರೆ ಇತ್ತೀಚೆಗೆ ಹವ್ಯಾಸಿಗಳು ಆ ಹಳೇ ಎಕ್ಸಿಕ್ಯೂಟಬಲ್ ಫೈಲನ್ನು ಹಿಂದುಮುಂದಾಗಿ ಬಿಚ್ಚಿ, ಫಂಕ್ಷನ್‌ಗಳಿಗೆ ಒಂದೊಂದಾಗಿ ಹೆಸರಿಟ್ಟು, ಸೋರ್ಸ್ ಕೋಡನ್ನು ಮತ್ತೆ ಕಟ್ಟಿದ್ದಾರೆ. ಯಾರು ಬೇಕಾದರೂ ಇಳಿಸಿಕೊಂಡು ಕಂಪೈಲ್ ಮಾಡಬಹುದು. ನನ್ನ 64 ಬಿಟ್ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿದೆ. ಗುಂಡು ಬಂದು ಪ್ಲಂಜರ್ ಮೇಲೆ ನೆಟ್ಟಗೆ ಕೂರುತ್ತೆ.